ಒಂದು ಪ್ರಶ್ನೆ ಕೇಳಲು ಹುಬ್ಬಳ್ಳಿಗೆ ಹೋದದ್ದು

ಮೈಸೂರಿನಿಂದ ಹುಬ್ಬಳ್ಳಿಗೆ ಹೋಗುವ ರಾತ್ರಿ ರೈಲಿನಲ್ಲಿ ನನಗೆ ಸಿಕ್ಕಿದ್ದು ಮೇಲಿನ ಬರ್ತು. ಅರವತ್ತು ದಾಟಿದ ಮಂಡಿಗೆ ಅದು ಹೇಳಿ ಮಾಡಿಸಿದ ಶಿಕ್ಷೆ. ಸ್ಲೀಪರ್ ಟಿಕೆಟ್ಟಿಗೆ ಮುನ್ನೂರು ಚಿಲ್ಲರೆ ಕೊಟ್ಟು ಈ ವ್ಯಾಯಾಮ ಬೇರೆ ಎಂದು ಗೊಣಗುತ್ತ ಹೇಗೋ ಹತ್ತಿದೆ. ಹತ್ತಿದ ಮೇಲೆ ಬೆಳಗಿನವರೆಗೆ ಇಳಿಯುವ ಯೋಚನೆಯನ್ನೇ ಬಿಟ್ಟು, ಶಾಲು ಹೊದ್ದು, ಫೋನು ತೆಗೆದು ಪೋರ್ಚುಗೀಸ್ ಆಟ ಶುರು ಮಾಡಿದೆ.

ಇದು ಐದು ನಿಮಿಷದ ಆಟ. ಪರದೆಯ ಎಡಗಡೆ ಚಿತ್ರಗಳು, ಬಲಗಡೆ ಪದಗಳು. ಬೆರಳಿನಿಂದ ಮುಟ್ಟಿ ಜೋಡಿ ಕೂಡಿಸಬೇಕು. ಆಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಪದಗಳನ್ನು ಒಂದೊಂದಾಗಿ ಎಳೆದು ಸಾಲಿಗೆ ತಂದು ವಾಕ್ಯ ಮಾಡಬೇಕು. ಮೇಲೆ ಪುಟ್ಟ ದೀಪಗಳ ಸಾಲು ಇರುತ್ತದೆ. ತಪ್ಪಿದರೆ ಒಂದು ದೀಪ ಆರುತ್ತದೆ. ಎಲ್ಲವೂ ಆರಿದರೆ ಮತ್ತೆ ಮೊದಲಿನಿಂದ. ಹೀಗೆ ಆಡಿ ಆಡಿ ನಾನು ಕಲಿತದ್ದೆಂದರೆ ಬೆಕ್ಕು ಹಾಲು ಕುಡಿಯುತ್ತದೆ, ಹುಡುಗ ಸೇಬು ತಿನ್ನುತ್ತಾನೆ, ಆಮೆಗೆ ಟೋಪಿ ಇಲ್ಲ. ಆ ಭಾಷೆಯಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಯಾಕೆ ಎಂದು ಕೇಳಿದರೆ ಆಟ ಉತ್ತರ ಕೊಡುವುದಿಲ್ಲ, ದೀಪ ಆರಿಸುತ್ತದೆ. ಆ ರಾತ್ರಿಯೂ ನನ್ನ ದೀಪಗಳು ಮೇಜು ಕುರ್ಚಿಗಳ ಹತ್ತಿರವೇ ಆರಿಹೋದವು. ಅಂಕಗಳ ಪಟ್ಟಿಯಲ್ಲಿ ನನ್ನ ಮೇಲೆ ಜುಬೇದಾಳ ಹೆಸರು ಎಂದಿನಂತೆ ಹಾಯಾಗಿ ಕುಳಿತಿತ್ತು.

ಜುಬೇದಾ ನನ್ನ ಬಾಲ್ಯದ ಗೆಳತಿ. ಹುಬ್ಬಳ್ಳಿಯ ಕಮರಿಪೇಟೆಯ ಒಂದೇ ಓಣಿಯಲ್ಲಿ ನಾವಿಬ್ಬರೂ ಬೆಳೆದೆವು. ಒಂದೇ ಸಾಲೆಯಲ್ಲಿ ಸಿಲ್ವಿಯಾ ಅಕ್ಕೋರ ಕೈಯಲ್ಲಿ ಅಕ್ಷರ ಕಲಿತೆವು. ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಅಕ್ಕೋರು ಗೋವಾದವರು. ರೈಲ್ವೆ ಗಾರ್ಡ್ ಒಬ್ಬರನ್ನು ಮದುವೆಯಾಗಿ ಹುಬ್ಬಳ್ಳಿಗೆ ಬಂದು, ಇಲ್ಲಿಯೇ ಕನ್ನಡ ಕಲಿತು, ಹುಬ್ಬಳ್ಳಿಯ ಮಕ್ಕಳಿಗೇ ಕನ್ನಡ ಕಲಿಸಿದವರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಗೋಪನಕೊಪ್ಪದಲ್ಲಿ ಜುಬೇದಾ ಕಟ್ಟಿಸಿದ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದರು. ಬಾಡಿಗೆಯ ಮಾತು ಬಲುಬೇಗ ಎರಡೂ ಕಡೆಯವರಿಗೆ ಮರೆತುಹೋಯಿತು. ನಡುವಿನ ಬಾಗಿಲಿನ ಅಗುಳಿ ತೆಗೆದರು, ಒಂದೇ ಒಲೆಯಾಯಿತು.

ಹೋದ ವರ್ಷ ಅಕ್ಕೋರಿಗೆ ಲಕ್ವಾ ಹೊಡೆಯಿತು. ಕೈ ನಿಧಾನವಾಗಿ ತಿರುಗಿ ಬಂತು, ಕಾಲು ಅರ್ಧ ಬಂತು, ಕನ್ನಡ ಬರಲಿಲ್ಲ. ಕೊಂಕಣಿಯ ನಾಲ್ಕು ಮಾತು ಕೆಲವು ದಿನ ಇದ್ದು ಅವೂ ಹೋದವು. ಉಳಿದದ್ದು ಚಿಕ್ಕಂದಿನಲ್ಲಿ ಮನೆಯಲ್ಲೂ ಸಾಲೆಯಲ್ಲೂ ಆಡಿದ ಪೋರ್ಚುಗೀಸ್ ಒಂದೇ. ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರಂತೆ. ಜುಬೇದಾ ಫೋನಿನಲ್ಲಿ ಅತ್ತಿದ್ದಳು. "ನೀರ ಬೇಕೇನ್ರಿ ಅಂತ ಕೇಳಿದ್ರ ನನ್ನ ಮಾರಿ ನೋಡ್ತಾರ ಶಾಂತಾ, ಯಾರೋ ಪರದೇಶದವರನ್ನ ನೋಡಿದಂಗ." ಮರುವಾರವೇ ಅವಳು ಈ ಆಟ ಹುಡುಕಿ ಆಡತೊಡಗಿದಳು. ಒಬ್ಬಳೇ ಆಡಲು ಬೇಸರವೆಂದು ಮೈಸೂರಿನಲ್ಲಿ ಸುಮ್ಮನೆ ಕುಳಿತಿದ್ದ ನನ್ನನ್ನೂ ಎಳೆದಳು.

ಈಗ ಹೊರಟದ್ದು ಬೇರೆ ಕಾರಣಕ್ಕೆ. ಅಕ್ಕೋರ ತಂಗಿ ಗೋವಾದ ಮಡಗಾಂವದಲ್ಲಿದ್ದಾರೆ. ಅವರಿಗೂ ಓಡಾಡಲಾಗುವುದಿಲ್ಲ. ಆ ತಂಗಿಯ ಮಗಳು ಫಿಲೋಮಿನಾ ಭಾನುವಾರ ಕಾರು ತೆಗೆದುಕೊಂಡು ಬರುವವಳಿದ್ದಳು, ಅಕ್ಕೋರಿಗೆ ಮನಸ್ಸಿದ್ದರೆ ಕರೆದುಕೊಂಡು ಹೋಗಲು. ಫೋನಿನಲ್ಲಿ ಅವಳು ಪೋರ್ಚುಗೀಸಿನಲ್ಲಿ ಕೇಳಿದರೆ ಅಕ್ಕೋರು ಫೋನನ್ನು ಕೆನ್ನೆಗೆ ಒತ್ತಿ ಹಿಡಿದು ಸುಮ್ಮನೆ ಕಣ್ಣೀರು ಹಾಕುತ್ತಿದ್ದರು. ಬಂದು ನಿಂತು ತಾನೇ ಕೇಳಿದರೆ, ಇಷ್ಟು ದೂರ ಬಂದವಳಿಗೆ ಇಲ್ಲ ಎನ್ನಬಾರದೆಂದು ಹೂಂ ಎಂದುಬಿಟ್ಟಾರು ಎಂದು ಫಿಲೋಮಿನಾಳಿಗೆ ಅನುಮಾನ. "ನೀವೇ ಕೇಳಿ, ನೀವು ಹೇಳಿದ ಹಾಗೆ ಮಾಡುತ್ತೇನೆ" ಎಂದು ಅವಳು ಜುಬೇದಾಳಿಗೆ ಹಿಂದಿಯಲ್ಲಿ ಹೇಳಿದ್ದಳು. ಜುಬೇದಾ ನನಗೆ ಹೇಳಿದ್ದು ಇಷ್ಟೇ. "ನೀ ಬಾ. ನನ್ನೊಬ್ಬಾಕಿಗೆ ಕೇಳಾಕ ಆಗೂದಿಲ್ಲ."

ಶುಕ್ರವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದಾಗ ಹಿತವಾದ ಚಳಿ ಇತ್ತು. ನಮ್ಮೂರಿನ ಪ್ಲಾಟ್‌ಫಾರ್ಮಿನ ಉದ್ದವನ್ನು ಕುರಿತು ಹೆಮ್ಮೆಪಡುವವರು ಹೆಗಲಿಗೆ ಚೀಲ ಹಾಕಿಕೊಂಡು ಅದರ ಮೇಲೆ ನಡೆದವರಲ್ಲ. ಹೊರಗೆ ಆಟೋದವನು "ಗೋಪನಕೊಪ್ಪಕ್ಕ ನೂರಾ ಇಪ್ಪತ್ತ ಕೊಡ್ರಿ ಅವ್ವಾರ" ಎಂದ. ನಾನು ಮೈಸೂರು ಕನ್ನಡ ಬಿಟ್ಟು "ನಾ ಇದ ಊರಾಕಿ ಅದೇನಪಾ" ಎಂದೆ. ನಕ್ಕು ಇಪ್ಪತ್ತು ಇಳಿಸಿದ. ಊರಿನ ಭಾಷೆ ಬಾಯಿಗೆ ಬಂದದ್ದಕ್ಕೆ ಅಷ್ಟಾದರೂ ಬೆಲೆ ಸಿಕ್ಕಿತು.

ಜುಬೇದಾ ಗೇಟಿನಲ್ಲೇ ನಿಂತಿದ್ದಳು. ಮೊದಲಿಗಿಂತ ಸೊರಗಿದ್ದಳು. "ಬಾರವಾ. ಮೊದಲ ಚಾ ಕುಡಿ, ಆಮ್ಯಾಲೆ ಅವರ ಮುಂದ ಹೋಗು. ಹೊಟ್ಟಿ ಖಾಲಿ ಇದ್ರ ನೀ ಅಳತಿ" ಎಂದಳು. ಚಹಾ ಕುಡಿದೆ, ಜೊತೆಗೆ ಬಿಸಿ ಸೂಸಲಾ ತಿಂದೆ. ಹಸಿಮೆಣಸಿನಕಾಯಿ ಹಾಕಿ ಒಗ್ಗರಿಸಿದ ಚುರಮುರಿ ಅದು. ಆದರೂ ಅತ್ತೆ. ಅಕ್ಕೋರು ಕಿಟಕಿಯ ಹತ್ತಿರದ ಮಂಚದ ಮೇಲೆ, ತಲೆ ನೀಟಾಗಿ ಬಾಚಿಕೊಂಡು, ದಿಂಬಿಗೆ ಒರಗಿ ಕುಳಿತಿದ್ದರು. ಆಟದಲ್ಲಿ ಕಲಿತ ಹಾಗೆ "ಬೋಂ ಜೀಯಾ" ಎಂದೆ. ಶುಭೋದಯ ಎಂಬ ಅರ್ಥ. ಅಕ್ಕೋರು ಹುಬ್ಬು ಗಂಟಿಕ್ಕಿ, ತೋರುಬೆರಳು ಎತ್ತಿ, "ದೀಯಾ" ಎಂದರು. ಆಟ ಕಲಿಸುವುದು ಬ್ರೆಜಿಲ್ ದೇಶದವರ ಉಚ್ಚಾರವಂತೆ. ಅಕ್ಕೋರಿಗೆ ಅದು ನಡೆಯುವುದಿಲ್ಲ. ನಾನು "ದೀಯಾ" ಎಂದು ತಿದ್ದಿಕೊಂಡ ಮೇಲೆಯೇ ಅವರು ಕೈ ಚಾಚಿದ್ದು. ನನ್ನ ಕೈ ಹಿಡಿದು ಮುಖ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. "ಮೆನೀನಾ" ಎಂದರು.

"ಹುಡುಗೀ ಅಂದಂಗ. ನನಗೂ ಹಂಗ ಅಂತಾರ. ಈಗ ಇಬ್ಬರೂ ಹುಡುಗ್ಯಾರಾದ್ವಿ" ಎಂದಳು ಜುಬೇದಾ.

ಆ ದಿನವೆಲ್ಲ ಅವಳು ಅಕ್ಕೋರೊಡನೆ ದಿನ ಕಳೆಯುವ ರೀತಿ ನೋಡಿದೆ. ಫೋನಿನ ಆಟವನ್ನು ಅವಳು ಮಂಚದ ಮೇಲಕ್ಕೇ ತಂದಿದ್ದಳು. ಚಾವಿ, ಸಾಬೂನು, ಒಂದು ಬಟಾಟಿ, ಒಂದು ಪಾವ್ ಸಾಲಾಗಿ ಇಟ್ಟು ಒಂದೊಂದನ್ನೇ ಎತ್ತಿ ತೋರಿಸುತ್ತಾಳೆ. ಅಕ್ಕೋರು ಹೆಸರು ಹೇಳುತ್ತಾರೆ. "ಪೈಲಾ ದಿನಾ ನಾ ಗಾಬರ್ಯಾದೆ" ಎಂದಳು. "ಚಾವಿ, ಬಟಾಟಿ, ಪಾವ್, ಬಾಲ್ದಿ, ಪಗಾರ, ಎಲ್ಲಾ ನಮ್ಮ ಮಾತ ಅದಾವಲ್ಲ ಇದರಾಗ. ಯಾವಾಗೋ ಅವರ ಕಡಿಂದ ನಮ್ಮ ಮನ್ಯಾಗ ಬಂದ ಕುಂತಾವ, ನಮಗ ಗೊತ್ತ ಇಲ್ಲ." ನಾಲ್ಕು ಗಂಟೆಗೆ ಚಹಾದ ಹೊತ್ತು. ಆಗ ಅವಳು ಕೇಳುವ ವಾಕ್ಯ ಆಟದ ಮೊದಲ ಪಾಠದ್ದು. "ಕೆರ್ ಶಾ ಓ ಕಫೆ?" ಚಹಾ ಬೇಕೋ ಕಾಫಿ ಬೇಕೋ. ಕಾಫಿಪುಡಿ ಆ ಮನೆಯಲ್ಲಿ ಇಲ್ಲವೇ ಇಲ್ಲ. ಆದರೂ ಕೇಳುತ್ತಾಳೆ. ಅಕ್ಕೋರು ಗಂಭೀರವಾಗಿ ಯೋಚಿಸಿ "ಶಾ" ಎನ್ನುತ್ತಾರೆ.

"ಒಮ್ಮೆ ಕಫೆ ಅಂದ್ರ ಏನ ಮಾಡ್ತಿ?" ಎಂದು ಕೇಳಿದೆ.

"ಅಂಗಡಿಗೆ ಓಡ್ತೇನಿ. ಕೇಳಿಸ್ಕೊಂಡ ಮ್ಯಾಲೆ ಕೊಡಬೇಕಲ್ಲ" ಎಂದಳು.

ಶನಿವಾರ ಬೆಳಿಗ್ಗೆ ಕೇಳೋಣವೆಂದು ನಾನು ತಯಾರಾದರೆ, ಜುಬೇದಾ ಚಪ್ಪಲಿ ಮೆಟ್ಟಿ ನಿಂತಿದ್ದಳು. ಫಿಲೋಮಿನಾ ಬರಿಗೈಯಲ್ಲಿ ಹೋಗಬಾರದು, ಧಾರವಾಡಕ್ಕೆ ಹೋಗಿ ಪೇಡೆ ತರಬೇಕಂತೆ. ಪೇಡೆ ಹುಬ್ಬಳ್ಳಿಯಲ್ಲೂ ಸಿಗುತ್ತದೆ ಎಂದರೆ "ಅಲ್ಲೀದ ಬ್ಯಾರೆ" ಎಂದಳು. ಅವಳ ಗಂಡ ಇಮಾಮ್‌ಸಾಹೇಬರು ಗ್ಯಾರೇಜಿಗೆ ಹೋಗುವವರು ಅಂದು ನಾವು ಬರುವ ತನಕ ಅಕ್ಕೋರ ಹತ್ತಿರ ಕುಳಿತರು. "ಹೋಗಿ ಬರ್ರಿ. ಇಲ್ಲಂದ್ರ ಆಕಿ ಮನ್ಯಾಗಿನ ಭಾಂಡೆ ಎಲ್ಲಾ ಮತ್ತೊಮ್ಮೆ ತಿಕ್ಕತಾಳ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಟೋದಲ್ಲಿ ದೊಡ್ಡ ರಸ್ತೆಗೆ ಬಂದು ಚಿಗರಿ ಬಸ್ಸು ಹತ್ತಿದೆವು. ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ತಂಪು ಬಸ್ಸು ಇದು. ಬೈರಿದೇವರಕೊಪ್ಪದಲ್ಲಿ ನಾನು ಸಾಲೆಗೆ ಹೋಗುವಾಗ ಹೊಲಗಳಿದ್ದ ನೆನಪು. ಈಗ ಅಂಗಡಿ, ಮನೆ, ಇನ್ನೂ ಏಳುತ್ತಿರುವ ಮನೆ. ಕಿಟಕಿ ನೋಡುವುದು ಬಿಟ್ಟು ನಾವು ವಾಕ್ಯ ಕೂಡಿಸತೊಡಗಿದೆವು. ನನಗೆ ಹೊಳೆದದ್ದು "ಎಲ್ಲಿಗೆ ಹೋಗುತ್ತೀರಿ" ಎಂಬುದು. ಊರಿಗೆ ಹೋಗುವ ಪಾಠದಲ್ಲಿ ಇತ್ತು.

ಜುಬೇದಾ ತಲೆ ಅಲ್ಲಾಡಿಸಿದಳು. "ಹೊಂಟವರನ್ನ ಎಲ್ಲಿಗೆ ಅಂತ ಯಾರರ ಕೇಳ್ತಾರೇನ? ನಿಮ್ಮವ್ವ ನಮಗ ಬೈತಿದ್ರಲ್ಲ, ಎಲ್ಲಿಗೆ ಅನಬ್ಯಾಡ್ರಿ, ದೂರ ಹೊಂಟೀರೇನ ಅನ್ರಿ ಅಂತ."

"ದೂರಕ್ಕ ನಿನ್ನ ಆಟದಾಗ ಏನಂತಾರ?"

"ಆ ಪಾಠ ಇನ್ನೂ ಬಂದಿಲ್ಲ" ಎಂದಳು. ಬಸ್ಸಿನ ಟಿಕೆಟ್ಟು ಮಡಿಚುತ್ತ, "ಮನ್ಯಾಗ ಇದ್ದವರನ್ನ ಹೋಗ್ತೀರೇನ ಅಂದ್ರ ಹೋಗ್ರಿ ಅಂದಂಗ ಆಗ್ತದ ಶಾಂತಾ. ಕನ್ನಡದಾಗ ಆಗಿದ್ರ ಸುತ್ತಿ ಬಳಸಿ ಕೇಳ್ತಿದ್ದೆ. ನೀವು ಇದ್ರ ಮನಿಗೆ ಛಲೋ, ತಂಗ್ಯಾರ ನೆನಪೂ ಬರ್ತಿರಬೇಕು, ಅಂತೇನರ. ಇದರಾಗ ಸುತ್ತ ಬರಾಕ ದಾರಿನ ಇಲ್ಲ. ಬೆಕ್ಕ ಹಾಲ ಕುಡೀತೈತಿ, ಮುಗೀತು" ಎಂದಳು.

ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿ "ಯಾವ ಭಾಷಾರೀ ಇದು?" ಎಂದು ಕೇಳಿದರು. ಹೇಳಿದೆವು. "ಈ ವಯಸ್ಸಿನ್ಯಾಗ ಎಲ್ಲಿ ಹೊಂಟೀರಿ ಮತ್ತ?" ಎಂದರು. ಜುಬೇದಾ ನನ್ನನ್ನು ನೋಡಿದಳು, ಇಬ್ಬರಿಗೂ ನಗು ಬಂತು. "ಧಾರವಾಡಕ್ಕರಿ" ಎಂದಳು. ನಕ್ಕ ಮೇಲೆ ಅವಳ ಕಣ್ಣು ತುಂಬಿದ್ದು ನನಗೊಬ್ಬಳಿಗೆ ಕಂಡಿತು. ಅವಳಿಗೆ ಅಕ್ಕೋರು ಹೋಗುವುದು ಬೇಡವಾಗಿತ್ತು. ನನಗೂ ಬೇಡವಾಗಿತ್ತು. ನಾನು ಬಂದದ್ದೇ ಅವಳ ಪರ ನಿಲ್ಲಲು ಎಂದು ಆಗ ನನಗೆ ನಾನೇ ಒಪ್ಪಿಕೊಂಡೆ.

ಪೇಡೆಗೆ ಅರ್ಧ ಗಂಟೆ ಸಾಲು. ಬಿಸಿ ಪೇಡೆಯ ಕಂದು ಸುಟ್ಟ ವಾಸನೆಗೆ ಹಸಿವಾಗಿ ಎದುರಿನ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ ಉಂಡೆವು. ಜುಬೇದಾ ಒಂದು ರೊಟ್ಟಿಯಲ್ಲಿ ಅರ್ಧ ಬಿಟ್ಟಳು. ಜನ್ಮದಲ್ಲಿ ರೊಟ್ಟಿ ಬಿಟ್ಟವಳಲ್ಲ ಅವಳು.

ನಾಲ್ಕಕ್ಕೆ ಮನೆಗೆ ಬಂದು ಚಹಾ ಕುದಿಸಿದಳು. ಮಂಚದ ಮೇಲೆ ಚಾವಿ, ಬಟಾಟಿ, ಪಾವ್ ಇಟ್ಟು ಆಟ ಆಡಿಸಿದಳು. ಅಕ್ಕೋರು ಅಂದು ಗೆಲುವಾಗಿದ್ದರು. ನಾನು ಬೇಕೆಂತಲೇ ಬಟಾಟಿ ತೋರಿಸಿ ಸಾಬೂನು ಎಂದೆ. ನನ್ನ ಮಂಡಿಗೆ ಮೆಲ್ಲಗೆ ಒಂದು ಏಟು ಕೊಟ್ಟರು. ಆಮೇಲೆ "ಕೆರ್ ಶಾ ಓ ಕಫೆ" ಆಯಿತು, "ಶಾ" ಆಯಿತು. ಕಪ್ಪಿನಿಂದ ಬಸಿಗೆ ಹಾಕಿ ಆರಿಸಿ ಕುಡಿಸಿದ್ದೂ ಆಯಿತು. ಜುಬೇದಾ ಬಸಿ ಕೆಳಗಿಟ್ಟು ಸೆರಗಿನಿಂದ ಅಕ್ಕೋರ ಗದ್ದ ಒರೆಸಿ, ಒಮ್ಮೆಲೆ ಕೇಳಿಬಿಟ್ಟಳು.

"ಕೆರ್ ಹುಬ್ಬಳ್ಳಿ ಓ ಗೋವಾ?"

ಚಹಾನೋ ಕಾಫಿನೋ ಎಂದು ಕೇಳುವ ಅದೇ ಅಚ್ಚು. ಹುಬ್ಬಳ್ಳಿ ಬೇಕೋ ಗೋವಾ ಬೇಕೋ. ಇದಕ್ಕಿಂತ ಸರಳವಾಗಿ, ಇದಕ್ಕಿಂತ ಕಠಿಣವಾಗಿ ಕೇಳಲು ಸಾಧ್ಯವಿರಲಿಲ್ಲ. ಅಕ್ಕೋರು ಎಂದಿನಂತೆ ಗಂಭೀರವಾಗಿ ಯೋಚಿಸಿದರು. ಕಿಟಕಿಯ ಆಚೆ ನೋಡಿದರು. "ಗೋವಾ" ಎಂದರು. ಆಮೇಲೆ ಒಂದು ಉದ್ದ ಮಾತು ಆಡಿದರು. ಅದರಲ್ಲಿ ನನಗೆ "ಬೇಕು" ಎಂಬುದೊಂದೇ ತಿಳಿಯಿತು. ಉಳಿದದ್ದು ನಾನಿನ್ನೂ ಮುಟ್ಟದ ಪಾಠ.

"ಏನಂದ್ರು?" ಎಂದೆ.

ಜುಬೇದಾ ಬಸಿ, ಕಪ್ಪು, ಬಟಾಟಿ, ಚಾವಿ ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿಕೊಂಡು ಒಳಗೆ ಹೋದಳು. ನಾನೂ ಹಿಂದೆ ಹೋದೆ. ನಳ ಬಿಟ್ಟು ಕಪ್ಪು ತೊಳೆಯುತ್ತ ನಿಂತಳು.

"ತಂಗೀನ್ನ ನೋಡಬೇಕು ಅಂದ್ರು. ಇರ್ಮಾ ಅಂದ್ರ ತಂಗಿ. ಮನಿಮಂದಿ ಪಾಠದಾಗ ಐತಿ."

ನನ್ನ ಬಾಯಿಂದ ಆಗ ಹೊರಟ ಮಾತನ್ನು ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ. "ಅದು ನಿನಗೊಬ್ಬಾಕಿಗೆ ಗೊತ್ತು. ಫಿಲೋಮಿನಾಗ ಹೇಳಬೇಕಂತೇನಿಲ್ಲ" ಎಂದೆ.

ಅವಳು ನಳ ನಿಲ್ಲಿಸಿದಳು. ಸಿಟ್ಟಾಗಲಿಲ್ಲ. "ಸುಳ್ಳ ಹೇಳೂದಿದ್ರ ಕನ್ನಡ ಸಾಕಾಗಿತ್ತಲ್ಲ ಶಾಂತಾ. ಅವರ ಮಾತು ತಿಳೀಲಿ ಅಂತ ಕಲತೆ. ತಿಳೀತು" ಎಂದಳು. ಕೈ ಒರೆಸಿಕೊಂಡು, ನನ್ನ ಮುಂದೆಯೇ ಫಿಲೋಮಿನಾಳಿಗೆ ಫೋನು ಮಾಡಿ, ಕಾರಿನಲ್ಲಿ ಹಿಂದಿನ ಸೀಟು ಖಾಲಿ ಇರಲಿ, ದಿಂಬು ತನ್ನಿ, ಘಾಟಿನಲ್ಲಿ ನಿಧಾನ ಬನ್ನಿ ಎಂದು ಹೇಳಿದಳು. ದನಿ ಗಟ್ಟಿಯಾಗಿತ್ತು. ಫೋನಿಟ್ಟ ಮೇಲೆ ಅಡಿಗೆಮನೆಯ ನೆಲದ ಮೇಲೆ ಕುಳಿತಳು. ನಾನೂ ಕುಳಿತೆ. ಕತ್ತಲಾದರೂ ದೀಪ ಹಾಕಲು ಇಬ್ಬರೂ ಏಳಲಿಲ್ಲ.

ಭಾನುವಾರ ಬೆಳಗಿನ ಹತ್ತರ ಸುಮಾರಿಗೆ ಕಾರು ಬಂತು. ಫಿಲೋಮಿನಾ ನಗುಮುಖದ, ಕಣ್ಣಲ್ಲಿ ದಣಿವಿದ್ದ ಹೆಂಗಸು. ಬಂದವಳೇ ಜುಬೇದಾಳನ್ನು ತಬ್ಬಿಕೊಂಡಳು. ಅಕ್ಕೋರಿಗೆ ಜುಬೇದಾ ಬೆಳಿಗ್ಗೆಯೇ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಇಸ್ತ್ರಿ ಮಾಡಿದ ಗೌನು ತೊಡಿಸಿ, ಶಾಲು ಹೊದಿಸಿದ್ದಳು. ಗುಳಿಗೆ ಯಾವುದು ಯಾವಾಗ, ಚಹಾಕ್ಕೆ ಸಕ್ಕರೆ ಎಷ್ಟು, ಬಸಿಯಲ್ಲೇ ಕೊಡಬೇಕು, ಎಲ್ಲವನ್ನೂ ಎರಡೆರಡು ಸಲ ಹೇಳಿದಳು. ಓಣಿಯ ಹೆಣ್ಣುಮಕ್ಕಳು ಗೇಟಿನ ಹತ್ತಿರ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಇಮಾಮ್‌ಸಾಹೇಬರು ಅಕ್ಕೋರನ್ನು ಮಗುವಿನ ಹಾಗೆ ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದರು.

ಅಕ್ಕೋರು ಕುಳಿತರು. ಕುಳಿತವರು ಮೆಲ್ಲಗೆ ಜರುಗಿ ಜರುಗಿ ಆಚೆಯ ಬಾಗಿಲಿನ ತನಕ ಹೋದರು. ಗೌನಿನ ಅಂಚನ್ನು ತಮ್ಮ ಕಡೆಗೆ ಎಳೆದುಕೊಂಡರು. ಖಾಲಿಯಾದ ಜಾಗವನ್ನು ಅಂಗೈಯಿಂದ ತಟ್ಟಿದರು. "ವೇಂ, ಮೆನೀನಾ" ಎಂದರು. ಬಾ ಹುಡುಗಿ.

ಗೋವಾ ಬೇಕು, ತಂಗಿಯನ್ನು ನೋಡಬೇಕು ಎಂದು ಅಕ್ಕೋರು ಹೇಳಿದ್ದು ನಿಜ. ಅಲ್ಲಿಗೆ ಜುಬೇದಾ ಇಲ್ಲದೆ ಹೋಗುವುದು ಎಂದು ಅವರಿಗೆ ಅನಿಸಿಯೇ ಇರಲಿಲ್ಲ. ಅದನ್ನು ನಾವು ಕೇಳಿಯೂ ಇರಲಿಲ್ಲ. ಫಿಲೋಮಿನಾ ಬಗ್ಗಿ ಏನೋ ಹೇಳಿದಳು. ಅಕ್ಕೋರು ಅವಳ ಮಾತು ಕೇಳಿಸಿಕೊಂಡು, ಮತ್ತೆ ಜುಬೇದಾಳನ್ನೇ ನೋಡಿ ಸೀಟು ತಟ್ಟಿದರು. ಬಾಗಿಲು ಹಾಕಲು ಬಿಡಲಿಲ್ಲ. ನಾನು ಬರುವುದಿಲ್ಲ ಎನ್ನುವುದು ನಮ್ಮ ಆಟದಲ್ಲಿ ಇತ್ತು. ಜುಬೇದಾಳಿಗೆ ಅದು ಬರುತ್ತಿತ್ತು. ಬಾಯಿಂದ ಹೊರಡಲಿಲ್ಲ.

ಗಂಡನ ಕಡೆ ತಿರುಗಿ, "ಬೈರಿದೇವರಕೊಪ್ಪದ ತನಕ ಕೂಡ್ತೇನ್ರಿ. ಅಲ್ಲಿಂದ ಚಿಗರಿ ಹಿಡಕೊಂಡ ಬರ್ತೇನಿ" ಎಂದಳು.

"ಚೀಲಾ?" ಎಂದರು ಇಮಾಮ್‌ಸಾಹೇಬರು.

"ಬೈರಿದೇವರಕೊಪ್ಪಕ್ಕ ಚೀಲ ಯಾಕ್ರಿ?"

ಅವರು ಅಂಗಿಯ ಜೇಬಿನಲ್ಲಿದ್ದ ದುಡ್ಡನ್ನೆಲ್ಲ ತೆಗೆದು ಅವಳ ಕೈಯಲ್ಲಿ ಇಟ್ಟರು. ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಸ್ವೆಟರು ತಂದು ಕಿಟಕಿಯಿಂದ ಒಳಗೆ ಹಾಕಿದರು. ಕಾರು ಹೋದ ಮೇಲೆ ನನಗೆ "ನಲವತ್ತ ವರ್ಷ ಆತ್ರಿ ಆಕೀನ್ನ ನೋಡಾಕತ್ತಿ" ಎಂದರು. ಆಮೇಲೆ ಒಳಗೆ ಹೋಗಿ ನನಗಾಗಿ ತಾವೇ ಅನ್ನಕ್ಕಿಟ್ಟರು.

ಮಧ್ಯಾಹ್ನ ಅವರೇ ಸ್ಟೇಷನ್ನಿಗೆ ಬಿಟ್ಟರು. ಜುಬೇದಾ ಇನ್ನೂ ಬಂದಿರಲಿಲ್ಲ. ಅವಳ ಫೋನು ಹತ್ತಲೂ ಇಲ್ಲ. ನನ್ನ ರೈಲು ಹೊತ್ತಿಗೆ ಸರಿಯಾಗಿ ಹೊರಟಿತು. ಈ ಸಲ ಹಗಲು ರೈಲು, ಕಿಟಕಿಯ ಸೀಟು. ಕುಂದಗೋಳದ ಆಚೆ ಹತ್ತಿ ಬಿಡಿಸುವ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲು ಸಾಲಾಗಿ ಬಗ್ಗಿದ್ದರು. ಯಾರೋ ಒಬ್ಬರು ನಮ್ಮ ಡಬ್ಬಿಯಲ್ಲಿ ಗಿರಮಿಟ್ಟು ಚುರಮುರಿಯ ಪೊಟ್ಟಣ ಬಿಚ್ಚಿದರು. ಹಾವೇರಿ ದಾಟುವಾಗ ಫೋನು ಬಂತು.

"ಘಾಟ ಇಳದ್ವಿ" ಎಂದು ಜುಬೇದಾ ಪಿಸುಗುಟ್ಟಿದಳು. "ಇಲ್ಲಿ ಭಾಳ ಸೆಕಿ ಐತಿ. ಸ್ವೆಟರ್ ಯಾಕ ಹಾಕಿದ್ರೋ ನಮ್ಮವರು."

"ಬೈರಿದೇವರಕೊಪ್ಪಕ್ಕ ಇಳೀತೇನಿ ಅಂದಿದ್ದೆಲ್ಲ?"

"ಅಲ್ಲಿ ಇಳಿಯೂ ಹೊತ್ತಿಗೆ ಅಕ್ಕೋರಿಗೆ ನಿದ್ದಿ ಹತ್ತಿತ್ತು. ಕೈ ಹಿಡಕೊಂಡ ಮಲಗ್ಯಾರ. ಬಿಡಿಸ್ಕೊಂಡ್ರ ಎಚ್ಚರಾಗ್ತಾರ. ಧಾರವಾಡಕ್ಕ ಇಳದ್ರಾತು ಅಂದೆ. ಧಾರವಾಡದಾಗೂ ಮಲಗಿದ್ರು."

ನನಗೆ ನಗು ಬಂತು. ಎದುರಿನ ಸೀಟಿನವರು ನೋಡುತ್ತಿದ್ದರೆಂದು ಕಿಟಕಿಯ ಕಡೆ ತಿರುಗಿದೆ.

"ಇನ್ನ ಯಾವಾಗ ಬರ್ತಿ?" ಎಂದು ಕೇಳಿದೆ.

"ಜೋರ ಮಾತಾಡಬ್ಯಾಡ" ಎಂದಳು. "ಅವರು ಕೈ ಬಿಟ್ಟ ಮ್ಯಾಲೆ."